ಪಿಇಎ ತೆಗೆದುಕೊಳ್ಳುವ ಮುನ್ನ: ಉರಿಯೂತಕ್ಕೂ ಪದೇಪದೇ ಬರುವ ಶೀತಜ್ವರಕ್ಕೂ ಈ ಕೊಬ್ಬಿನ ಅಣುವನ್ನು ಬಳಸುವ ಕ್ರಮ

"ಪಿಇಎ ಅಂತ ಒಂದು ಸಪ್ಲಿಮೆಂಟ್ ಇದೆಯಂತೆ. ನಮ್ಮ ದೇಹದಲ್ಲೇ ತಯಾರಾಗುತ್ತಂತೆ. ಮಂಡಿನೋವಿಗೂ ಆಗುತ್ತೆ, ಶೀತಕ್ಕೂ ಆಗುತ್ತೆ ಅಂತಾರೆ. ತಗೊಳ್ಳಬಹುದಾ? ಎಷ್ಟು? ಎಷ್ಟು ದಿನ?" ಮಾತು ಸ್ವಲ್ಪ ಹೆಚ್ಚುಕಡಿಮೆ ಆದರೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೆ ಎರಡು ಸಾಲಿನಲ್ಲಿ ಉತ್ತರಿಸಿದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ, ಬಿಟ್ಟುಹೋದ ಅರ್ಧದಲ್ಲೇ ಅಪಾಯ ಇರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಿಇಎ ನಿಧಾನವಾಗಿ, ಮೆಲ್ಲಗೆ ಸಹಾಯ ಮಾಡುವ ವಸ್ತು. ಯಾವುದಕ್ಕಾಗಿ ತೆಗೆದುಕೊಳ್ಳುತ್ತಿದ್ದೀರಿ, ಯಾವ ದಿನ ಶುರು ಮಾಡಿದಿರಿ, ಯಾವ ದಿನ ಕೂತು ಲೆಕ್ಕ ಹಾಕುತ್ತೀರಿ ಎಂಬುದನ್ನು ಬರೆದಿಟ್ಟುಕೊಂಡು ನೋಡಿದರೆ ಮಾತ್ರ ಅದು ನಿಮಗೆ ಒಗ್ಗಿತೋ ಇಲ್ಲವೋ ಗೊತ್ತಾಗುತ್ತದೆ. ಸುಮ್ಮನೆ ನುಂಗುತ್ತಾ ಹೋದರೆ ವರ್ಷ ಕಳೆದರೂ ಗೊತ್ತಾಗುವುದಿಲ್ಲ.

ಏನಿದು?

ಪೂರ್ತಿ ಹೆಸರು ಪಾಲ್ಮಿಟಾಯಿಲ್‌ಎಥನಾಲಮೈಡ್. ಪಾಲ್ಮಿಟಿಕ್ ಆಮ್ಲ ಎಂಬ ಸಾಮಾನ್ಯ ಕೊಬ್ಬಿನಾಮ್ಲಕ್ಕೆ ಎಥನಾಲಮೀನ್ ಎಂಬ ಪುಟ್ಟ ಅಣು ಸೇರಿದಾಗ ಆಗುವ ಸಂಯುಕ್ತ. ಪೆಟ್ಟು ಬಿದ್ದಾಗ, ಸೋಂಕು ತಗುಲಿದಾಗ ಆ ಜಾಗದ ಜೀವಕೋಶಗಳು ತಮ್ಮ ಪೊರೆಯಲ್ಲಿರುವ ಕೊಬ್ಬಿನಿಂದಲೇ ಇದನ್ನು ಅಲ್ಲಿಗಲ್ಲಿಗೆ ತಯಾರಿಸಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಕಿಣ್ವಗಳು ಅದನ್ನು ಒಡೆದುಹಾಕುತ್ತವೆ.

ಇದರ ಕಥೆ ಶುರುವಾಗಿದ್ದು ಮೊಟ್ಟೆಯ ಹಳದಿ ಭಾಗದಿಂದ. 1940ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಆಲ್ವಿನ್ ಕೋಬರ್ನ್, ಬಡಮಕ್ಕಳ ಆಹಾರಕ್ಕೆ ಮೊಟ್ಟೆಯ ಹಳದಿ ಸೇರಿಸಿದಾಗ ಅವರಲ್ಲಿ ರುಮ್ಯಾಟಿಕ್ ಜ್ವರ ಮರುಕಳಿಸುವುದು ಕಡಿಮೆಯಾದದ್ದನ್ನು ಗಮನಿಸಿದರು. ರುಮ್ಯಾಟಿಕ್ ಜ್ವರ ಅಂದರೆ ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರ ಕೀಲು, ಹೃದಯಗಳಿಗೆ ತಗುಲುವ ಉರಿಯೂತ. ಹಳದಿಯಲ್ಲಿ ಅಂಥದ್ದೇನಿದೆ ಎಂದು ಹುಡುಕುತ್ತಾ ಹೋದವರಿಗೆ 1957ರಲ್ಲಿ ಉತ್ತರ ಸಿಕ್ಕಿತು. ಮೊಟ್ಟೆಯ ಹಳದಿ, ಸೋಯಾ ಲೆಸಿಥಿನ್ (ಸೋಯಾದಿಂದ ತೆಗೆದ ಒಂದು ಬಗೆಯ ಕೊಬ್ಬು), ಕಡಲೆಕಾಯಿ ಹಿಂಡಿ ಮೂರರಲ್ಲೂ ಇದೇ ಅಣು ಇತ್ತು.

ದೇಹದಲ್ಲಿ ಏನು ಮಾಡುತ್ತದೆ?

ಇದನ್ನು ಅರ್ಥ ಮಾಡಿಕೊಂಡರೆ ಮುಂದಿನ ಹಂತಗಳೆಲ್ಲ ಸಲೀಸು. ಮೂಗು, ಶ್ವಾಸನಾಳ, ಚರ್ಮ, ಕರುಳು, ಅಂದರೆ ಹೊರಗಿನದು ಒಳಗೆ ಬರುವ ಬಾಗಿಲುಗಳ ಹತ್ತಿರವೆಲ್ಲ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಅವುಗಳ ಒಳಗೆ ಹಿಸ್ಟಮಿನ್ ಮುಂತಾದ ರಾಸಾಯನಿಕಗಳ ಸಣ್ಣ ಸಣ್ಣ ಚೀಲ ತುಂಬಿರುತ್ತದೆ. ಏನಾದರೂ ಕೆಣಕಿದರೆ ಚೀಲ ಒಡೆಯುತ್ತದೆ. ಊತ, ಕೆಂಪು, ಕೆರೆತ, ನೋವು ಶುರು. ಕಾವಲುಗಾರರಿಲ್ಲದೆ ಮನೆ ನಡೆಯುವುದಿಲ್ಲ, ಆದರೆ ನೊಣ ಬಂದರೂ ದೊಣ್ಣೆ ಎತ್ತುವ ಕಾವಲುಗಾರನಿಂದ ಮನೆಯ ಪಾತ್ರೆಯೇ ಒಡೆಯುತ್ತದೆ. ಪಿಇಎ ಈ ಕೋಶಗಳ ಆವೇಶವನ್ನು ತಗ್ಗಿಸುತ್ತದೆ ಎಂದು 1993ರಲ್ಲಿ ಮಂಡಿಸಿದವರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಒಬ್ಬರು. ನರಗಳ ಬೆಳವಣಿಗೆಯ ಪ್ರೋಟೀನ್ ಕಂಡುಹಿಡಿದದ್ದಕ್ಕೆ 1986ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಅವರು.

ಎರಡನೆಯ ದಾರಿ ಜೀವಕೋಶದ ಒಳಗಿನದು. ಪಿಪಿಎಆರ್-ಆಲ್ಫಾ ಎಂಬ ಒಂದು ಗ್ರಾಹಕವಿದೆ. ಗ್ರಾಹಕ ಅಂದರೆ ನಿರ್ದಿಷ್ಟ ಅಣು ಬಂದು ಕೂತರೆ ಕೆಲಸ ಶುರುಮಾಡುವ ಪ್ರೋಟೀನ್. ಪಿಇಎ ಅದರ ಮೇಲೆ ಕೂತು, ಉರಿಯೂತಕ್ಕೆ ಬೇಕಾದ ಪ್ರೋಟೀನ್‌ಗಳ ತಯಾರಿಕೆಯನ್ನೇ ಕಡಿಮೆ ಮಾಡಿಸುತ್ತದೆ. 2005ರಲ್ಲಿ ಇದು ಖಚಿತವಾಯಿತು. ತಯಾರಿಕೆಯ ಮಟ್ಟದಲ್ಲಿ ಆಗುವ ಬದಲಾವಣೆ ಮೈಗೆ ಗೊತ್ತಾಗಲು ವಾರಗಳು ಹಿಡಿಯುತ್ತವೆ. ತಲೆನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಕಾಯುವ ಹಾಗೆ ಇದಕ್ಕೆ ಕಾಯಬೇಡಿ.

ಉಸಿರಾಟದ ಸೋಂಕಿಗೆ ನಿಜವಾಗಿ ಏನು ಆಧಾರ?

ಹೆಚ್ಚಿನವರು ಇದನ್ನೇ ಕೇಳುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1970ರ ದಶಕದಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಪಿಇಎ ಮಾತ್ರೆ 'ಇಂಪಲ್ಸಿನ್' ಎಂಬ ಹೆಸರಿನಲ್ಲಿ ಬಳಕೆಯಲ್ಲಿತ್ತು. ಸ್ಕೋಡಾ ಕಾರ್ಖಾನೆಯ ಕೆಲಸಗಾರರು, ಹದಿಹರೆಯದವರು, ಸೈನಿಕರು, ಹೀಗೆ ಜನ ಒಟ್ಟಾಗಿ ಇರುವ ಕಡೆಗಳಲ್ಲಿ ಶೀತ ಮತ್ತು ಫ್ಲೂ ಕಾಲದಲ್ಲಿ ಇದನ್ನು ಕೊಟ್ಟು ನೋಡಿದರು. 1974ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ದಿನಕ್ಕೆ ಮೂರು ಸಲ 600 ಮಿಲಿಗ್ರಾಂನಂತೆ 12 ದಿನ ಕೊಟ್ಟಿದ್ದರು. ಇನ್ನೊಂದು ಗುಂಪಿಗೆ ಪ್ಲಸೀಬೊ, ಅಂದರೆ ನೋಡಲು ಹಾಗೇ ಇದ್ದು ಔಷಧ ಇಲ್ಲದ ಮಾತ್ರೆ. ಪಿಇಎ ತೆಗೆದುಕೊಂಡವರಲ್ಲಿ ಜ್ವರ, ತಲೆನೋವು, ಗಂಟಲುನೋವು ಕಡಿಮೆ ಕಂಡವು. ಮೂಗು ಸೋರುವುದು, ಕೆಮ್ಮು ಇವುಗಳ ಮೇಲೆ ಅಷ್ಟು ಪರಿಣಾಮ ಕಾಣಲಿಲ್ಲ.

ಇದನ್ನು ಓದುವಾಗ ಎರಡು ವಿಷಯ ನೆನಪಿರಲಿ. ಆ ಪ್ರಯೋಗಗಳು ಐವತ್ತು ವರ್ಷ ಹಳೆಯವು. ಈಗ ಪಾಲಿಸುವ ಕಟ್ಟುನಿಟ್ಟು ಆಗ ಇರಲಿಲ್ಲ. ಅದೇ ಪ್ರಮಾಣದಲ್ಲಿ, ಅಷ್ಟು ಜನರ ಮೇಲೆ ಅವನ್ನು ಮತ್ತೆ ಮಾಡಿ ನೋಡಿದವರೂ ಇಲ್ಲ. 2022ರಲ್ಲಿ ಕೋವಿಡ್ ತಗುಲಿದ, ಲಸಿಕೆ ಹಾಕಿಸಿಕೊಳ್ಳದ ಅರವತ್ತು ವಯಸ್ಕರಲ್ಲಿ ನಡೆದ ಒಂದು ಪ್ರಯೋಗ ಪ್ರಕಟವಾಯಿತು: ದಿನಕ್ಕೆ ಎರಡು ಸಲ 600 ಮಿಲಿಗ್ರಾಂ, ನಾಲ್ಕು ವಾರ. ರಕ್ತದಲ್ಲಿ ಉರಿಯೂತದ ಕೆಲವು ಸೂಚಕಗಳು ಇಳಿದವು. ರಕ್ತಪರೀಕ್ಷೆಯಲ್ಲಿ ಅಂಕಿ ಇಳಿಯುವುದೇ ಬೇರೆ, ರೋಗಿ ಎರಡು ದಿನ ಮೊದಲೇ ಎದ್ದು ಓಡಾಡುವುದೇ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಮಾರುವವರಿದ್ದಾರೆ, ಜಾಗ್ರತೆ.

ನೋವಿನ ವಿಚಾರದಲ್ಲಿ ಆಧಾರ ಇದಕ್ಕಿಂತ ಗಟ್ಟಿ. 2023ರಲ್ಲಿ ದೀರ್ಘಕಾಲದ ನೋವಿನ ಬಗೆಗಿನ ಹನ್ನೊಂದು ಪ್ರಯೋಗಗಳನ್ನು, ಒಟ್ಟು 774 ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯಲ್ಲಿ ಪಿಇಎ ನೋವನ್ನು ಕಡಿಮೆ ಮಾಡಿದ್ದು ಕಂಡುಬಂತು. ಹಾಗಾಗಿ ಕೀಲು, ನರ, ಸೊಂಟದ ಹಳೆಯ ನೋವಿಗೆ ಪ್ರಯತ್ನಿಸುತ್ತೇನೆ ಅನ್ನುವವರಿಗೆ ನಾನು ಹೆಚ್ಚು ಧೈರ್ಯವಾಗಿ ಹೂಂ ಅನ್ನುತ್ತೇನೆ. "ಈ ಸಲ ಶೀತವೇ ಬರಬಾರದು" ಅನ್ನುವವರಿಗೆ ಹಾಗೆ ಹೇಳಲಾರೆ.

ಹಂತ 1: ನಿಮಗೆ ಹೊಂದುತ್ತದೆಯೇ ನೋಡಿಕೊಳ್ಳಿ

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಬೇಡ. ಅವರಲ್ಲಿ ಸುರಕ್ಷಿತ ಎಂದು ಹೇಳುವಷ್ಟು ಅಧ್ಯಯನ ನಡೆದಿಲ್ಲ. ಮಕ್ಕಳಿಗೆ ಮಕ್ಕಳ ವೈದ್ಯರು ಹೇಳದೆ ಕೊಡಬೇಡಿ. ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ಅಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಅರಿವಳಿಕೆ ವೈದ್ಯರಿಗೂ ಹೇಳಿ.

ಇನ್ನೊಂದು ಮುಖ್ಯ ವಿಷಯ: ಕಾರಣ ಗೊತ್ತಿಲ್ಲದ ನೋವಿಗೆ, ಎರಡು ವಾರ ದಾಟಿದ ಕೆಮ್ಮಿಗೆ, ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮೊದಲು ರೋಗ ಯಾವುದೆಂದು ಪತ್ತೆಯಾಗಬೇಕು. ಕ್ಷಯದ ಕೆಮ್ಮಿಗೆ ಎರಡು ತಿಂಗಳು ಸಪ್ಲಿಮೆಂಟ್ ನುಂಗುತ್ತಾ ಕೂತರೆ ಕಳೆದುಹೋದ ಆ ಎರಡು ತಿಂಗಳು ವಾಪಸ್ ಬರುವುದಿಲ್ಲ.

ಹಂತ 2: ಹೆಸರು ಪೂರ್ತಿ ಓದಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ, ಅದೂ ಅಪಾಯಕಾರಿಯಾಗಿ. 'ಪಿಇಎ' ಎಂಬ ಮೂರೇ ಅಕ್ಷರದಲ್ಲಿ ಇನ್ನೊಂದು ವಸ್ತುವೂ ಮಾರಾಟವಾಗುತ್ತದೆ. ಅದು ಫೆನೆಥೈಲಮೀನ್, ಉತ್ಸಾಹ ಹೆಚ್ಚಿಸುತ್ತದೆ ಎಂದು ವ್ಯಾಯಾಮದವರಿಗೆ ಮಾರುವ ಉತ್ತೇಜಕ. ಎದೆಬಡಿತ, ರಕ್ತದೊತ್ತಡ ಏರಿಸಬಲ್ಲದು. ಖಿನ್ನತೆಗೆ ಕೊಡುವ ಎಂಎಒ ಎಂಬ ಕಿಣ್ವವನ್ನು ತಡೆಯುವ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಪ್ರಾಣಕ್ಕೇ ಸಂಚಕಾರ.

ಗುರುತು ಹಿಡಿಯುವುದು ಹೀಗೆ. ಡಬ್ಬಿಯ ಮುಂಭಾಗ ಬಿಡಿ, ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಹೆಸರು 'ಪಾಲ್ಮಿಟ' ಎಂದು ಶುರುವಾಗಿ 'ಅಮೈಡ್' ಎಂದು ಮುಗಿದರೆ ನಮಗೆ ಬೇಕಾದದ್ದು. 'ಫೆನ್' ಎಂದು ಶುರುವಾಗಿ 'ಅಮೀನ್' ಎಂದು ಮುಗಿದರೆ ಡಬ್ಬಿ ಅಲ್ಲೇ ಇಟ್ಟುಬಿಡಿ. ಮೂರಕ್ಷರ ಮಾತ್ರ ಬರೆದು ಪೂರ್ತಿ ಹೆಸರನ್ನೇ ಬರೆಯದ ಸರಕನ್ನು ಮುಟ್ಟಲೇಬೇಡಿ.

ಇಂಗ್ಲಿಷಿನಲ್ಲಿ ಅದೇ ಮೂರಕ್ಷರದಲ್ಲಿ (pea) ಬರೆಯುವ ಬಟಾಣಿಯ ಪ್ರೋಟೀನ್ ಪುಡಿಗೂ ಇದಕ್ಕೂ ಸಂಬಂಧವಿಲ್ಲ. ಪಾಲ್ಮಿಟಿಕ್ ಆಮ್ಲ, ಪಾಲ್ಮಿಟೊಲೀಯಿಕ್ ಆಮ್ಲ ಬೇರೆ ಬೇರೆ ವಸ್ತುಗಳು. ಪಾಮ್ ಎಣ್ಣೆಯಲ್ಲಿ ಪಾಲ್ಮಿಟಿಕ್ ಆಮ್ಲ ಧಾರಾಳವಾಗಿದೆ ಎಂದು ಎಣ್ಣೆ ಹೆಚ್ಚು ತಿಂದರೆ ಪಿಇಎ ಆಗುವುದಿಲ್ಲ, ಕೊಲೆಸ್ಟರಾಲ್ ಏರುತ್ತದೆ ಅಷ್ಟೇ.

ಹಾಗಾದರೆ ಮೊಟ್ಟೆ, ಕಡಲೆಕಾಯಿಯಿಂದಲೇ ಪಡೆಯಬಹುದಲ್ಲ? ಕಡಲೆಕಾಯಿಯಲ್ಲಿ ಒಂದು ಗ್ರಾಂಗೆ ಇರುವುದು ಕೆಲವೇ ಮೈಕ್ರೋಗ್ರಾಂ. ಒಂದು ಸಲದ 600 ಮಿಲಿಗ್ರಾಂ ಸಿಗಬೇಕಾದರೆ ನೂರು ಕಿಲೋಗೂ ಹೆಚ್ಚು ತಿನ್ನಬೇಕು.

ಹಂತ 3: ಪುಡಿಯ ಗಾತ್ರ ಮತ್ತು ಜೊತೆಗಿರುವ ಬೆರಕೆ

ಒಂದು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಬಿಳಿ ಪುಡಿ ನೀರಿನ ಮೇಲೇ ತೇಲುತ್ತದೆ. ಚಮಚದಲ್ಲಿ ಕಲಕಿದರೆ ಒಂದು ಗಳಿಗೆ ಚದುರಿ ಮತ್ತೆ ಮೇಲಕ್ಕೆ ಬಂದು ಲೋಟದ ಅಂಚಿಗೆ ಅಂಟಿಕೊಳ್ಳುತ್ತದೆ, ಕರಗುವುದಿಲ್ಲ. ಕೊಬ್ಬಿನ ಜಾತಿಯದಲ್ಲವೇ! ಕರುಳಿನಲ್ಲೂ ಇದೇ ತೊಂದರೆ. ಕಣ ದಪ್ಪವಿದ್ದಷ್ಟೂ ಒಳಗೆ ಹೀರಲು ಕಷ್ಟ.

ಅದಕ್ಕೇ 'ಮೈಕ್ರೊನೈಸ್ಡ್', 'ಅಲ್ಟ್ರಾಮೈಕ್ರೊನೈಸ್ಡ್' ಎಂಬ ಬಗೆಗಳು ಬಂದಿವೆ. ಅಂದರೆ ಪುಡಿಯನ್ನು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ನುಣ್ಣಗೆ ಅರೆದದ್ದು. 2014ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಬಾಯಿಯ ಮೂಲಕ ಕೊಟ್ಟಾಗ ನುಣ್ಣನೆಯ ಪುಡಿ ದಪ್ಪ ಪುಡಿಗಿಂತ ಚೆನ್ನಾಗಿ ಉರಿಯೂತ ಇಳಿಸಿತು. ಮನುಷ್ಯರ ಮೇಲಿನ ನೋವಿನ ಪ್ರಯೋಗಗಳಲ್ಲೂ ಬಹಳಷ್ಟು ನಡೆದದ್ದು ಈ ನುಣ್ಣನೆಯ ಬಗೆಯ ಮೇಲೇ. ಆಯ್ಕೆ ಇದ್ದರೆ ಮೈಕ್ರೊನೈಸ್ಡ್ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಪ್ರಯೋಜನವೇ ಇಲ್ಲ ಎಂದೇನೂ ಅಲ್ಲ.

ಲ್ಯೂಟಿಯೊಲಿನ್, ಕ್ವೆರ್ಸೆಟಿನ್ ಎಂಬ ಸಸ್ಯಗಳ ವಸ್ತುಗಳನ್ನೋ ಅರಿಶಿನದ ಸಾರವನ್ನೋ ಬೆರೆಸಿದ ಮಿಶ್ರಣಗಳೂ ಸಿಗುತ್ತವೆ. ಮೊದಲ ಪ್ರಯತ್ನಕ್ಕೆ ಬೇಡ. ಗುಣವಾದರೆ ಯಾವುದರಿಂದ, ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಜೊತೆಗೆ, ಬೆರೆಸಿದ ವಸ್ತು ನಿಮ್ಮ ಬೇರೆ ಔಷಧಕ್ಕೆ ಅಡ್ಡಬರಬಹುದು. ಸ್ವತಂತ್ರ ಪ್ರಯೋಗಾಲಯದ ಶುದ್ಧತೆ ಪ್ರಮಾಣಪತ್ರ ಇರುವ, ಒಂದೇ ವಸ್ತುವಿನ ಡಬ್ಬಿ ಸಾಕು. ಸಸ್ಯಾಹಾರಿಗಳು ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್‌ನದೋ ಎಂದು ನೋಡಿಕೊಳ್ಳಿ. ಸೋಯಾ, ಮೊಟ್ಟೆ, ಕಡಲೆಕಾಯಿ ಅಲರ್ಜಿ ಇದ್ದರೆ ಅಲರ್ಜಿಯ ಸಾಲನ್ನೂ ಓದಿ.

ಹಂತ 4: ಶುರು ಮಾಡುವ ಮುನ್ನ ಒಂದು ವಾರ ಬರೆಯಿರಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ. ನೋವು ತಾನಾಗಿಯೇ ಏರಿಳಿಯುತ್ತದೆ, ಶೀತ ತಾನಾಗಿಯೇ ವಾಸಿಯಾಗುತ್ತದೆ. ಮೊದಲು ಹೇಗಿತ್ತು ಎಂಬ ಬರಹ ಇಲ್ಲದಿದ್ದರೆ ಆಮೇಲಿನದನ್ನು ಯಾವುದಕ್ಕೆ ಹೋಲಿಸುತ್ತೀರಿ?

ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಂಕ, ರಾತ್ರಿ ಎಷ್ಟು ಸಲ ಎಚ್ಚರ, ನಿಮಗೆ ಕಷ್ಟವಾಗುವ ಒಂದು ಕೆಲಸ, ಈ ಮೂರು ಸಾಕು. ಒಂದು ದಿನದ ಬರಹ ಹೀಗಿರಬಹುದು: "ಮಂಗಳವಾರ. ಬೆಳಿಗ್ಗೆ 6, ರಾತ್ರಿ 5. ಎರಡು ಸಲ ಎಚ್ಚರ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದೆ." ಎಂಟು ವಾರದ ನಂತರ "ಕಂಬಿ ಹಿಡಿಯಲಿಲ್ಲ" ಎಂಬ ಸಾಲು ಕಂಡರೆ ಅದು ಯಾವ ಜಾಹೀರಾತಿಗಿಂತಲೂ ನಂಬತಕ್ಕದ್ದು. ಶೀತಕ್ಕಾಗಿ ನೋಡುವವರು ಕಳೆದ ವರ್ಷ ಎಷ್ಟು ಸಲ ಬಂತು, ಪ್ರತಿ ಸಲ ಎಷ್ಟು ದಿನ ಮಲಗಿದಿರಿ ಎಂದು ನೆನಪಿರುವಷ್ಟು ಬರೆದಿಟ್ಟುಕೊಳ್ಳಿ.

ಹಂತ 5: ಪ್ರಮಾಣ

ವಯಸ್ಕರಿಗೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು 300ರಿಂದ 600 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ನಾನು ಸೂಚಿಸುವ ಕ್ರಮ ಇದು:

ಮೊದಲ ನಾಲ್ಕು ದಿನ 300 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ, ಊಟದ ಜೊತೆ. ಹೊಟ್ಟೆ ತಡೆದುಕೊಳ್ಳುತ್ತದೆಯೇ ನೋಡಲು ಇಷ್ಟು ಸಾಕು.

ಐದನೆಯ ದಿನದಿಂದ 300 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು.

ಎರಡು ವಾರವಾದರೂ ಏನೂ ವ್ಯತ್ಯಾಸ ಕಾಣದಿದ್ದರೆ 600 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಒಟ್ಟು 1200 ಮಿಲಿಗ್ರಾಂ. ಇದಕ್ಕಿಂತ ಮೇಲೆ ಸ್ವಂತ ಬುದ್ಧಿಯಿಂದ ಹೋಗಬೇಡಿ. ಹಳೆಯ ಪ್ರಯೋಗದಲ್ಲಿ 1800 ಕೊಟ್ಟಿದ್ದರಲ್ಲ ಅನ್ನಬಹುದು. ಅದು ಹನ್ನೆರಡೇ ದಿನ, ವೈದ್ಯರ ಕಣ್ಣಳತೆಯಲ್ಲಿ.

ದಿನದ ಪ್ರಮಾಣವನ್ನು ಎರಡು ಭಾಗ ಮಾಡುವುದಕ್ಕೆ ಕಾರಣವಿದೆ. ನುಂಗಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೆ ಏರಿ, ಕಿಣ್ವಗಳ ಕೈಗೆ ಸಿಕ್ಕಿ ಬೇಗ ಇಳಿದುಬಿಡುತ್ತದೆ. ಬೆಳಿಗ್ಗೆ ಮರೆತರೆ ರಾತ್ರಿ ಎರಡರಷ್ಟು ನುಂಗಬೇಡಿ. ಬಿಟ್ಟದ್ದು ಬಿಟ್ಟಿತು ಎಂದು ಮುಂದಿನದನ್ನು ಮಾಮೂಲಿಯಾಗಿ ತೆಗೆದುಕೊಳ್ಳಿ. ಸ್ವಲ್ಪ ಕೊಬ್ಬಿನಂಶ ಇರುವ ಊಟದ ಜೊತೆ ತೆಗೆದುಕೊಂಡರೆ ಒಳ್ಳೆಯದು, ಹೊಟ್ಟೆಗೂ ಹಿತ.

ಅಡ್ಡಪರಿಣಾಮ ಸಾಮಾನ್ಯವಾಗಿ ಕಡಿಮೆ: ಹೊಟ್ಟೆ ತೊಳಸುವುದು, ಭೇದಿ, ಹೊಟ್ಟೆ ಭಾರ. ಒಂದು ಹಂತ ಹಿಂದೆ ಹೋದರೆ ಹೆಚ್ಚಾಗಿ ಸರಿಯಾಗುತ್ತದೆ. ಮೈಮೇಲೆ ದದ್ದು, ಮುಖ ಊತ, ಉಸಿರು ಬಿಗಿಯುವುದು ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಹಂತ 6: ಉಸಿರಾಟದ ವಿಚಾರದಲ್ಲಿ ದಾಟಬಾರದ ಗೆರೆ

ಪಿಇಎ ವೈರಸ್ ಕೊಲ್ಲುವ ಔಷಧವೂ ಅಲ್ಲ, ಆ್ಯಂಟಿಬಯಾಟಿಕ್ಕೂ ಅಲ್ಲ. ಸೋಂಕಿಗೆ ದೇಹ ಅತಿಯಾಗಿ ರೇಗುವುದನ್ನು ತಗ್ಗಿಸಬಹುದು ಎಂಬುದಷ್ಟೇ ಇಲ್ಲಿನ ಆಸೆ. ಫ್ಲೂ ಲಸಿಕೆ, ಕೈತೊಳೆಯುವುದು, ಜನಸಂದಣಿಯಲ್ಲಿ ಮಾಸ್ಕ್ ಇವುಗಳ ಜಾಗದಲ್ಲಿ ಇದನ್ನು ಕೂರಿಸಬೇಡಿ. ಆಸ್ತಮಾ ಇರುವವರು ಇನ್ಹೇಲರ್ ಬಿಡುವ ಯೋಚನೆಯನ್ನೂ ಮಾಡಬೇಡಿ. "ಹದಿನೈದು ದಿನ ಚೆನ್ನಾಗಿದ್ದೆ, ಅದಕ್ಕೇ ಬಿಟ್ಟೆ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ನಿಜಕ್ಕೂ ಭಯವಾಗುತ್ತದೆ. ಚೆನ್ನಾಗಿದ್ದದ್ದು ಇನ್ಹೇಲರಿನಿಂದ. ಅದನ್ನು ಬಿಟ್ಟ ಮೇಲೆ ಶ್ವಾಸನಾಳ ಯಾವ ರಾತ್ರಿ ಬಿಗಿಯುತ್ತದೋ ಹೇಳಲಾಗದು.

ಕಾಯಿಲೆ ಬಿದ್ದಾಗ ಈ ಲಕ್ಷಣ ಕಂಡರೆ ಕ್ಯಾಪ್ಸೂಲ್ ಎಣಿಸುತ್ತಾ ಕೂರಬೇಡಿ: ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ಎದೆನೋವು, ತುಟಿ ನೀಲಿ, ಮಾತು ತೊದಲುವುದು ಅಥವಾ ಗೊಂದಲ, ಮೂರು ದಿನಕ್ಕೂ ಬಿಡದ ಜ್ವರ, ಇಳಿದ ಜ್ವರ ಮತ್ತೆ ಜೋರಾಗಿ ಏರುವುದು. ಮನೆಯಲ್ಲಿ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನ ಇದ್ದರೆ, ಅಂಕಿ 94ಕ್ಕಿಂತ ಕೆಳಗೇ ನಿಂತಾಗ ವೈದ್ಯರಿಗೆ ಫೋನ್ ಮಾಡಿ. 92 ಅಥವಾ ಅದಕ್ಕಿಂತ ಕಡಿಮೆಯಾದರೆ ಆಸ್ಪತ್ರೆಗೆ ಹೊರಡಿ. ಮೊದಲಿನಿಂದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಈ ಅಂಕಿ ಬೇರೆ ಇರಬಹುದು. ನಿಮ್ಮ ವೈದ್ಯರು ಹೇಳಿದ್ದನ್ನೇ ಪಾಲಿಸಿ.

ಹಂತ 7: ಲೆಕ್ಕ ಹಾಕುವ ದಿನ

ಶುರು ಮಾಡಿದ ದಿನವೇ ಕ್ಯಾಲೆಂಡರಿನಲ್ಲಿ ಎಂಟನೆಯ ವಾರದ ಕೊನೆಗೆ ಗುರುತು ಹಾಕಿ. ಆ ದಿನ, ಶುರು ಮಾಡುವ ಮುನ್ನ ಬರೆದ ವಾರದ ಪುಟ ಮತ್ತು ಕೊನೆಯ ವಾರದ ಪುಟ ಪಕ್ಕಪಕ್ಕ ಇಟ್ಟುಕೊಂಡು ಕೂರಿ. ನೋವಿನ ಸರಾಸರಿ ಎರಡು ಅಂಕವಾದರೂ ಇಳಿದಿದೆಯೇ? ನಿದ್ದೆ ಸುಧಾರಿಸಿದೆಯೇ? ಕಷ್ಟದ ಕೆಲಸ ಸುಲಭವಾಗಿದೆಯೇ? ಮೂರಕ್ಕೂ ಇಲ್ಲ ಎಂದಾದರೆ ನಿಲ್ಲಿಸಿ. ಇನ್ನೊಂದು ಡಬ್ಬಿ ನೋಡೋಣ ಎಂಬ ಆಸೆಗೆ ಬೀಳಬೇಡಿ.

ಹೌದು ಎಂದಾದರೆ ಎರಡು ವಾರ ಬಿಟ್ಟು ನೋಡಿ, ಬರೆಯುವುದನ್ನು ಮಾತ್ರ ಬಿಡಬೇಡಿ. ನೋವು ಹಳೆಯ ಮಟ್ಟಕ್ಕೆ ಮರಳಿದರೆ ಪಿಇಎ ಕೆಲಸ ಮಾಡುತ್ತಿತ್ತು ಎನ್ನಲು ನಿಮ್ಮ ಬಳಿ ಕಾರಣವಿದೆ. ಮರಳದಿದ್ದರೆ ಸದ್ಯಕ್ಕೆ ಅದರ ಅಗತ್ಯವಿಲ್ಲ. ಮತ್ತೆ ಶುರು ಮಾಡುವುದಾದರೆ ಪರಿಣಾಮ ಉಳಿಯುವ ಅತಿ ಕಡಿಮೆ ಪ್ರಮಾಣ ಹುಡುಕಿಕೊಳ್ಳಿ. ಹೆಚ್ಚಿನ ಪ್ರಯೋಗಗಳು ನಡೆದದ್ದು ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಮಾತ್ರ. ಅದಕ್ಕೂ ಮೀರಿ ಮುಂದುವರಿಸುವವರು ಆರು ತಿಂಗಳಿಗೊಮ್ಮೆ ವೈದ್ಯರನ್ನು ಕಂಡು, ಮಾಮೂಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.

ಶೀತಕ್ಕಾಗಿ ತೆಗೆದುಕೊಂಡವರ ಲೆಕ್ಕ ಎಂಟು ವಾರದಲ್ಲಿ ಮುಗಿಯುವುದಿಲ್ಲ. ಒಂದು ಋತು ಚೆನ್ನಾಗಿ ಕಳೆದರೂ ಅದು ಆ ವರ್ಷದ ಅದೃಷ್ಟವೇ ಇರಬಹುದು. ನನ್ನನ್ನು ಕೇಳಿದರೆ, ಸೋಂಕು ಹರಡುವ ತಿಂಗಳುಗಳಲ್ಲಿ ಮಾತ್ರ, ಅದೂ ಪದೇಪದೇ ಗಂಟಲುನೋವು, ಜ್ವರದಿಂದ ನರಳುವವರು ಮಾತ್ರ ಪ್ರಯತ್ನಿಸಲಿ. ವರ್ಷಕ್ಕೆ ಒಂದೆರಡು ಸಲ ನೆಗಡಿ ಬಂದುಹೋಗುವವರಿಗೆ ಇದರ ಅಗತ್ಯವಿಲ್ಲ.

ವೈದ್ಯರ ಬಳಿ ಹೋಗುವಾಗ ಡಬ್ಬಿಯನ್ನೂ ನೀವು ಬರೆದಿಟ್ಟ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಪಿಇಎ ಹೆಸರು ಕೇಳಿರದ ವೈದ್ಯರೂ ಇರುತ್ತಾರೆ. ಲೇಬಲ್ ತೋರಿಸಿ, ಎಂಟು ವಾರದ ಅಂಕಿ ಮುಂದಿಡಿ, "ನನ್ನ ಉಳಿದ ಔಷಧಗಳ ಜೊತೆ ಇದು ಸರಿಯೇ?" ಎಂದು ನೇರವಾಗಿ ಕೇಳಿ.